ಹರಿಹರದಲ್ಲಿ ನಮ್ಮ ಒಂದೇ ಹಾಡು

ಆಗುವುದಿಲ್ಲ ಎಂದವರು ನಮ್ಮ ದೊಡ್ಡಪ್ಪ. ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ನನ್ನ ಗಿಟಾರನ್ನು ಬಸ್ಸಿನೊಳಗೆ ತುರುಕುತ್ತ, ಸುತ್ತ ನಿಂತವರಿಗೆಲ್ಲ ಕೇಳುವಂತೆ ಹೇಳಿದರು: "ಕೆಲ್ಸಕ್ಕ ಹೋಯ್ತಿದ್ದಯ್, ಹೋಗು. ಆದ್ರ ಈ ನಿನ್ನ ಮೈಲುದ್ದದ ಹಾಡ ಮೊದ್ಲಿಂದ ಕೊನೆಗಂಟ ಕೂತ್ಕಂಡು ಕೇಳೋ ಮನ್ಸ ಯಾವೂರಲ್ಲೂ ಹುಟ್ಟಿಲ್ಲ ಕನ್ಲಾ."

ಮೈಲುದ್ದದ್ದು ಎಂಬುದು ಸುಳ್ಳಲ್ಲ. ಮೈಸೂರಿನ ಹಾಸ್ಟೆಲಿನಲ್ಲಿ ಸೀನಿಯರ್ ಒಬ್ಬ ಕೊಟ್ಟ ಪೆನ್‌ಡ್ರೈವಿನಿಂದ ನನಗೆ ಪ್ರೋಗ್ರೆಸಿವ್ ರಾಕ್ ಹುಚ್ಚು ಹತ್ತಿತ್ತು. ಅದು ಬೇಗ ಮುಗಿಯುವ ಸಂಗೀತವಲ್ಲ. ನಡುದಾರಿಯಲ್ಲಿ ರಾಗ ಬದಲಾಗುತ್ತದೆ, ತಾಳ ಏಳಕ್ಕೋ ಒಂಬತ್ತಕ್ಕೋ ಹೊರಳುತ್ತದೆ. ಅಂಥದ್ದೊಂದು ಹಾಡನ್ನು ನಾನೂ ಕಟ್ಟತೊಡಗಿದ್ದೆ. ಒಂದೇ ಒಂದು ಸಲ, ಜನರೆದುರು, ಅದನ್ನು ಪೂರ್ತಿ ನುಡಿಸಬೇಕು. ನನ್ನ ಆಸೆ ಅಷ್ಟೇ ಇತ್ತು.

ದಾವಣಗೆರೆಗೆ ಬಂದದ್ದು ಕರೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ನೌಕರಿಗೆ. ನಮ್ಮ ಮನೆಯಲ್ಲಿ ಡಿಗ್ರಿ ಮುಟ್ಟಿದವನು ನಾನೇ ಮೊದಲು. ಅವ್ವ ರೇಷ್ಮೆ ನೂಲು ತೆಗೆಯುವ ಕಡೆ ಕುದಿನೀರಿನಲ್ಲಿ ಬೆರಳು ಬೇಯಿಸಿಕೊಂಡು ಓದಿಸಿದಳು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಹೆಮ್ಮೆಯಿದೆ.

ದೇವರಾಜ ಅರಸು ಬಡಾವಣೆಯಲ್ಲಿ ಬಾಡಿಗೆಗೆ ಕೋಣೆ ಕೊಟ್ಟವರು ಗೌರಮ್ಮನವರು. ಮೊದಲ ಬೆಳಿಗ್ಗೆಯೇ ತಟ್ಟೆ ತುಂಬ ಒಗ್ಗರಣೆ ಹಾಕಿದ ಮಂಡಕ್ಕಿ ತಂದಿಟ್ಟರು. ನಮ್ಮ ಕಡೆಯ ಪುರಿ ಅದು. ನಮ್ಮಲ್ಲಿ ದೇವಸ್ಥಾನದಿಂದ ಬರುವಾಗ ಮಕ್ಕಳ ಜೇಬಿಗೆ ಸುರಿಯುವ ವಸ್ತು. ಇಲ್ಲಿ ಗಂಡಾಳುಗಳು ಅದನ್ನು ತಿಂದು ಕೆಲಸಕ್ಕೆ ಹೋಗುತ್ತಾರೆ! ದಂಗಾಗಿ, "ಇದರಲ್ಲಿ ಹೊಟ್ಟೆ ತುಂಬುತ್ತಾ?" ಎಂದು ಕೇಳಿಬಿಟ್ಟೆ.

"ತುಂಬೋತನಕ ತಿನ್ರಿ ತಮ್ಮಾ, ಯಾರು ಬ್ಯಾಡ ಅಂತಾರೆ?" ಎಂದರು.

ಇನ್ನೊಂದು ಆಘಾತ ಈ 'ರಿ'. ಆಟೋದವರು, ಹಾಲಿನವರು, ನನ್ನ ದುಪ್ಪಟ್ಟು ವಯಸ್ಸಿನ ಫಿಟ್ಟರ್, ಎಲ್ಲರೂ ನನಗೆ ಬರ್ರಿ, ಕೂಡ್ರಿ ಎನ್ನುವವರೇ. ಊರಿನಲ್ಲಿ ನನ್ನನ್ನು ಬಹುವಚನದಲ್ಲಿ ಕರೆದದ್ದು ಬ್ಯಾಂಕಿನವರು ಮಾತ್ರ. ಯಾರದೋ ಅಂಗಿ ತೊಟ್ಟು ಓಡಾಡಿದ ಹಾಗಿತ್ತು. ಬೈಯುವಷ್ಟು ಸಲಿಗೆ ಇಡೀ ಊರಿನಲ್ಲಿ ಯಾರಿಗೂ ಇರಲಿಲ್ಲ. ಒಂಟಿತನ ಎಂದರೆ ಅದೇ ಎಂದು ಆಗ ತಿಳಿಯಿತು.

ಬಟ್ಟೆ ಇಡಲು ಟ್ರಂಕು ಕೊಳ್ಳಲು ಬಜಾರಿಗೆ ಹೋದ ದಿನ ಅದು ಮುರಿಯಿತು. ಅಂಗಡಿಯೊಳಗೆ, ಪೇರಿಸಿಟ್ಟ ತಗಡಿನ ಪೆಟ್ಟಿಗೆಗಳ ಸಂದಿಯಿಂದ, ನನ್ನ ಪೆನ್‌ಡ್ರೈವಿನ ಹಾಡೊಂದು ಬರುತ್ತಿತ್ತು. ಸದ್ದು ಹಿಡಿದು ಒಳಗೆ ನಡೆದೆ. ಗಲ್ಲೆಯಲ್ಲಿ ಕೂತಿದ್ದವನು ನನ್ನದೇ ವಯಸ್ಸಿನ ತಬ್ರೇಜ್.

"ಇದು... ನಿಮಗೆ ಗೊತ್ತಾ?"

"ಯಾಕ್ರಿ, ಟ್ರಂಕ್ ಮಾರೋರು ಹಾಡು ಕೇಳಬಾರದಾ?"

ಟ್ರಂಕು ಕೊಳ್ಳುವುದು ಮರೆತೇಹೋಯಿತು. ಅವನು ಮದುವೆ ಮೆರವಣಿಗೆಯ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುವವನು. ನನ್ನ ಹಾಡಿನ ಏಳರ ತಾಳವನ್ನು ಮೇಜಿನ ಮೇಲೆ ತಟ್ಟಿ ತೋರಿಸಿದೆ. "ಮಸ್ತ್ ಐತೆ ಭಾಯ್," ಎಂದ. "ಆದ್ರೆ ಇದಕ್ಕೆ ಮದುಮಗನ ದೋಸ್ತರು ಕುಣಿದ್ರೆ ಕಾಲು ಮುರ್ಕಂತಾರೆ."

ಆವರಗೆರೆಯಲ್ಲಿ ಅವರ ಮನೆಯವರು ಟ್ರಂಕು ಮಾಡುವ ಶೆಡ್ಡೇ ನಮ್ಮ ಅಭ್ಯಾಸದ ಜಾಗವಾಯಿತು. ದಿನವಿಡೀ ತಗಡು ಬಡಿಯುವಲ್ಲಿ ಗಿಟಾರಿನ ಗಲಾಟೆಗೆ ದೂರು ಕೊಡುವವರಾರು? ಟ್ರಂಕಿನ ಮುಚ್ಚಳ ಬಡಿದ ಸದ್ದನ್ನೂ ಹಾಡಿಗೆ ಸೇರಿಸಿದೆವು. ಎಲ್ಲವನ್ನೂ ಕೂಡಿಸಿದ್ದು ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ, ಮುಕ್ತ ತಂತ್ರಾಂಶದಿಂದ. ಯಾರೋ ಬರೆದು, ಒಳಗಿನ ಗುಟ್ಟನ್ನೂ ತೆರೆದಿಟ್ಟು, ಯಾರು ಬೇಕಾದರೂ ಬಳಸಿ, ತಿದ್ದಿ ಎಂದು ಬಿಟ್ಟಿರುವ ತಂತ್ರಾಂಶ ಅದು. ಬೇಸಿಗೆಯಲ್ಲಿ ದಾರಿಬದಿ ಇಡುವ ಅರವಟಿಗೆಯ ಹಾಗೆ. ಒಮ್ಮೆ ಸದ್ದೇ ಹೊರಡದೆ ಅಂತರ್ಜಾಲದಲ್ಲಿ ಗೋಳಾಡಿಕೊಂಡಾಗ, ಮುಖ ನೋಡದ ಯಾರೋ ದೂರದೇಶದಿಂದ ಒಂದೊಂದೇ ಹೆಜ್ಜೆ ಹೇಳಿ ಸರಿಪಡಿಸಿದರು. ಋಣಕ್ಕೆಂದು ಅದರ ಒಂದಿಷ್ಟು ಪದಗಳನ್ನು ಕನ್ನಡಕ್ಕೆ ತಂದುಕೊಟ್ಟೆ. ಗೌರಮ್ಮನವರಿಗೆ ಮಾತ್ರ ನಂಬಿಕೆ ಬರಲಿಲ್ಲ. "ಬಿಟ್ಟಿ ಕೊಡೋರು ಬಿಟ್ಟಿ ಯಾಕ ಕೊಡ್ತಾರೆ ತಮ್ಮಾ? ಹುಷಾರಾಗಿರ್ರಿ."

ನುಡಿಸಲು ಜಾಗ ಮಾತ್ರ ಸಿಗಲಿಲ್ಲ. ಹಾಡಿನ ಉದ್ದ ಕೇಳಿದವರೆಲ್ಲ ನಕ್ಕರು. ಕೊನೆಗೆ ಹರಿಹರದ ಸಂಘವೊಂದರ ವಾರ್ಷಿಕೋತ್ಸವಕ್ಕೆ ತಬ್ರೇಜ್ ಮಾತಾಡಿದ. ಕಾರ್ಯದರ್ಶಿಗಳು ಕೇಳಿದ್ದು ಎಷ್ಟು ಹಾಡು ಎಂದು. "ಒಂದೇ ಸಾರ್," ಎಂದ ಇವನು. "ಒಂದೇನಾ? ಭಾಳ ಚಲೋ ಆತು, ಊಟಕ್ಕೆ ತಡ ಆಗಲ್ಲ," ಎಂದರಂತೆ. ಎಷ್ಟು ಉದ್ದ ಎಂದು ಅವರು ಕೇಳಲಿಲ್ಲ, ಇವನು ಹೇಳಲಿಲ್ಲ.

ನನ್ನ ಕೋಣೆ ನೋಡಲೆಂದು ಅವ್ವ ಆಗಷ್ಟೇ ಊರಿನಿಂದ ಬಂದಿದ್ದಳು. ಗೌರಮ್ಮನವರೇ ಅವಳನ್ನು ಹರಿಹರಕ್ಕೆ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದರು.

ವೇದಿಕೆಯ ಮೇಲೆ ನಾವಿಬ್ಬರೇ; ಉಳಿದ ವಾದ್ಯಗಳೆಲ್ಲ ಪಕ್ಕದಲ್ಲಿಟ್ಟ ಲ್ಯಾಪ್‌ಟಾಪಿನಿಂದ ಬರುತ್ತಿದ್ದವು. ಹಾಡಿನ ನಡುವೆ ನಾನೊಂದು ಮೌನ ಇಟ್ಟಿದ್ದೆ. ಎಲ್ಲವೂ ತಟ್ಟನೆ ನಿಲ್ಲಬೇಕು, ಜನ ಉಸಿರು ಹಿಡಿಯಬೇಕು, ಆಮೇಲೆ ಒಮ್ಮೆಲೇ ಅಲೆ ಏಳಬೇಕು. ಇಡೀ ಹಾಡಿನಲ್ಲಿ ನನಗೆ ಹೆಚ್ಚು ಹೆಮ್ಮೆಯಿದ್ದದ್ದು ಅದರ ಬಗ್ಗೆಯೇ. ಮೌನ ಬಂತು. ಸಭೆ ಚಪ್ಪಾಳೆ ತಟ್ಟಿತು. ಹಾಡು ಮುಗಿಯಿತು, ಪಾರಾದೆವು ಎಂಬಂಥ ಚಪ್ಪಾಳೆ. ಸಂಘದ ಅಧ್ಯಕ್ಷರು ಎದ್ದೇಬಿಟ್ಟರು. ಕಲಾವಿದ ವೇದಿಕೆ ಇಳಿಯುವ ಮೊದಲೇ ಸನ್ಮಾನ ಆಗಬೇಕು, ತಡವಾದರೆ ಅವಮಾನ ಮಾಡಿದಂತೆ. ನಾನು ಬಾಯಿ ತೆರೆಯುವಷ್ಟರಲ್ಲಿ ಹೆಗಲ ಮೇಲೆ ಶಾಲು, ಗಿಟಾರನ್ನೂ ಸೇರಿಸಿ ಕೊರಳಿಗೆ ಸೇವಂತಿಗೆ ಹಾರ. ತಬ್ರೇಜನಿಗೂ ಒಂದು. ಮೈಕು ಕೂಗುತ್ತಿತ್ತು: "ನಮ್ಮ ದಾವಣಗೆರೆಯ ಹೆಮ್ಮೆಯ ಪ್ರತಿಭೆಗಳಿಗೆ ಈಗ ಪ್ರಶಸ್ತಿ ಪತ್ರ!"

ಲ್ಯಾಪ್‌ಟಾಪಿಗೆ ಸನ್ಮಾನ ಗೊತ್ತಿಲ್ಲ. ಅದರಲ್ಲಿ ಕೂಡಿಸಿಟ್ಟ ಸಂಗೀತ ಯಾರಿಗೂ ಕಾಯುವುದಿಲ್ಲ.

"ಸಾರ್, ಇನ್ನೂ ಐತೆ," ಎಂದೆ. ಗಾಬರಿಯಲ್ಲಿ ನನ್ನ ಬಾಯಿಂದ ಬಂದದ್ದು ನಮ್ಮೂರಿನ 'ಅದ' ಅಲ್ಲ, ಈ ಊರಿನ 'ಐತೆ'. ಅಷ್ಟು ಗಡಿಬಿಡಿಯಲ್ಲೂ ಅದಕ್ಕೊಮ್ಮೆ ಬೆಚ್ಚಿದೆ.

"ಏನ್ ಐತ್ರಿ?"

"ಹಾಡು ಸಾರ್."

ಅಲೆ ಎದ್ದಿತು. ಸ್ಪೀಕರುಗಳು ಗುಡುಗಿದವು. ಅಧ್ಯಕ್ಷರು "ಅಯ್ಯಪ್ಪಾ!" ಎಂದು ಪ್ರಶಸ್ತಿ ಪತ್ರವನ್ನು ಎದೆಗವಚಿಕೊಂಡು ಹಿಂದೆ ಹಾರಿದರು. ತಬ್ರೇಜ್ ಹಾರದ ಸಮೇತ ಡ್ರಮ್ಸ್ ಮೇಲೆ ಮುಗಿಬಿದ್ದ. ಸೇವಂತಿಗೆ ಎಸಳುಗಳು ಕೋಲಿಗೆ ಸಿಕ್ಕಿ ಚಿಮ್ಮಿದವು. ನಾನೂ ಶಾಲಿನೊಳಗಿಂದ ಕೈ ಬಿಡಿಸಿಕೊಂಡು ನುಡಿಸಿದೆ.

ಆಮೇಲೆ ಆದದ್ದನ್ನು ಈಗಲೂ ನಂಬಲಾರೆ. ಪತ್ರ ಕೊಡದೆ ವೇದಿಕೆ ಇಳಿಯುವುದು ಅಧ್ಯಕ್ಷರಿಗೆ ಆಗದು. ಅಧ್ಯಕ್ಷರು ನಿಂತಿರುವಾಗ ಊಟಕ್ಕೆ ಏಳುವುದು ಜನರಿಗೆ ಆಗದು. ಅಡುಗೆಯ ಘಮ ಬರುತ್ತಿದ್ದರೂ ಒಬ್ಬರೂ ಅಲುಗಲಿಲ್ಲ. ಸ್ವಲ್ಪ ಹೊತ್ತಿಗೆ ಅಧ್ಯಕ್ಷರ ಕಾಲು ತಾಳ ಹಾಕತೊಡಗಿತು. ಏಳನೆಯದಕ್ಕೆ ತಪ್ಪುತ್ತಿತ್ತು, ಮತ್ತೆ ಮೊದಲಿನಿಂದ ಹಿಡಿಯುತ್ತಿದ್ದರು. ಹಿಂದಿನಿಂದ ಒಬ್ಬ ಶಿಳ್ಳೆ ಹೊಡೆದ. ನನ್ನ ಹಾಡು ಕೊನೆಯ ಸ್ವರದ ತನಕ, ಒಂದು ಮಾತ್ರೆಯೂ ಕಡಿಮೆಯಾಗದೆ, ಅಷ್ಟು ಜನರ ಎದುರು ನುಡಿಯಿತು.

ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರಿಗೂ ಅನುಮಾನ.

"ಈಗಾದ್ರೂ ಮುಗೀತೇನ್ರಿ?" ಅಧ್ಯಕ್ಷರು ಮೈಕಿನಲ್ಲೇ ಕೇಳಿದರು.

"ಮುಗೀತು ಸಾರ್."

ಆಗ ಬಿತ್ತು ನೋಡಿ ಚಪ್ಪಾಳೆ, ಸಭಾಂಗಣದ ಸೂರು ಹಾರುವ ಹಾಗೆ. ಅಧ್ಯಕ್ಷರು ಬೆವರಿಗೆ ಮೆತ್ತಗಾಗಿದ್ದ ಪತ್ರವನ್ನು ಕೈಗಿಟ್ಟು ಬೆನ್ನು ತಟ್ಟಿದರು. ಇಳಿದು ಹೋಗಿ ಅವ್ವನಿಗೆ ಕೊಟ್ಟೆ. ಅವಳಿಗೆ ಓದು ಬಾರದು. ಗೌರಮ್ಮನವರು ಗಟ್ಟಿಯಾಗಿ ಓದಿ, "ದಾವಣಗೆರೆ ಅಂತ ಹಾಕ್ಯಾರೆ ನೋಡ್ರಿ ಅಕ್ಕಾರೆ, ನಿಮ್ಮ ಮಗ ಇನ್ನು ನಮ್ಮೂರ ಹುಡುಗ," ಎಂದರು.

"ಎಲ್ಲಿ ಅದ, ತೋರ್ಸಿ," ಎಂದಳು ಅವ್ವ.

ಗೌರಮ್ಮ ತೋರಿಸಿದರು. ಅವ್ವ ಆ ಅಕ್ಷರಗಳನ್ನು ಸವರಿದಳು. ಬೆರಳನ್ನು ಪಕ್ಕದ ಖಾಲಿ ಜಾಗಕ್ಕೆ ಸರಿಸಿ ಅಲ್ಲೇ ಒತ್ತಿ ಹಿಡಿದು, ನನ್ನ ಮುಖ ನೋಡಿದಳು.

"ಇಲ್ಲಿ ವಸಿ ಜಾಗ ಅದ ಕನಪ್ಪ. ನಮ್ಮೂರ್ನೂ ಬರ್ಸ್ಕ."