ಯಾರೂ ಸಾಯದ ದಾಳಿ

ನೀರು ಶುದ್ಧೀಕರಣ ಘಟಕದಲ್ಲಿ ಎಲ್ಲರೂ ಅವಳನ್ನು ಕರೆಯುವುದು ‘ಗಾಜಿನಕ್ಕ’ ಎಂದೇ. ಕಂಪ್ಯೂಟರ್ ಬಂದು ಒಂಬತ್ತು ವರ್ಷವಾದರೂ, ಗಂಟೆಗೊಮ್ಮೆ ಗಾಜಿನ ಕೊಳವೆಯಲ್ಲಿ ನೀರು ಹಿಡಿದು, ಎರಡು ಹನಿ ಔಷಧಿ ಬಿಟ್ಟು, ಬಣ್ಣ ನೋಡದೆ ಅವಳಿಗೆ ಸಮಾಧಾನವಿಲ್ಲ. ಹಳೇ ಕಾಲದವಳು ಎಂದು ಜೊತೆಯವರ ಗೇಲಿ.

ನೆರೆದೇಶದೊಡನೆ ಯುದ್ಧ ಶುರುವಾದ ಎರಡನೇ ವಾರ, ಬೆಳಗ್ಗೆ ಹತ್ತಕ್ಕೆ, ತಿಳಿಹಳದಿಯಾಗಬೇಕಿದ್ದ ನೀರು ಕೊಳವೆಯಲ್ಲಿ ಕಡುಕಿತ್ತಳೆಯಾಯಿತು. ಕ್ಲೋರಿನ್ ವಿಪರೀತ, ಕುಡಿದರೆ ವಿಷ. ಪರದೆ ಮಾತ್ರ ಎಲ್ಲ ಸರಿಯಿದೆಯೆಂದು ಹಸಿರು ತೋರಿಸುತ್ತಿತ್ತು. ನೀರು ಮೊದಲು ಮುಟ್ಟುವ ಬೀದಿಯಲ್ಲೇ ಅವಳ ಅತ್ತೆ, ನಾದಿನಿ, ನಾದಿನಿಯ ಹಸುಗೂಸು. ಎದ್ದೆನೋ ಬಿದ್ದೆನೋ ಎಂದು ಓಡಿ, ಕ್ಲೋರಿನ್ ಪಂಪು ನಿಲ್ಲಿಸಿ, ಊರಿಗೆ ಹೋಗುವ ದೊಡ್ಡ ವಾಲ್ವನ್ನು ಕೈಯಾರೆ ತಿರುಗಿಸಿ ಮುಚ್ಚಿದಳು. ಒಂದು ಲೋಟ ನೀರೂ ಮನೆ ಮುಟ್ಟಲಿಲ್ಲ. ಹೊರಗಿನವರು ಕಂಪ್ಯೂಟರಿನೊಳಗೆ ನುಗ್ಗಿ ಕ್ಲೋರಿನ್ ಏರಿಸಿದ್ದರೆಂದು ಆಮೇಲೆ ತಜ್ಞರು ಹೇಳಿದರು.

ಶಭಾಷ್ ಅಂದರು ಎಂದುಕೊಂಡಿರಾ? ನಾಲ್ಕನೇ ದಿನ ಇಲಾಖೆಯ ಕಾನೂನು ಅಧಿಕಾರಿ ಹಾಳೆಯೊಂದನ್ನು ಹಿಡಿದು ಬಂದ. ‘ತಾಂತ್ರಿಕ ದೋಷ. ಕಾರಣ: ನಿರ್ವಾಹಕಿಯ ಅಜಾಗರೂಕತೆ.’ ಸಹಿ ಹಾಕಿದರೆ ಬಡ್ತಿ ಹೋಗುತ್ತದೆ, ಹಾಕದಿದ್ದರೆ ಕೆಲಸವೇ ಹೋಗುತ್ತದೆ.

ಯುದ್ಧದಲ್ಲೂ ಕುಡಿಯುವ ನೀರಿಗೆ ಕೈ ಹಾಕಬಾರದೆಂಬ ನಿಯಮವಿಲ್ಲವೇ ಎಂದು ಕೇಳಿದಳು. ಇದೆ ಎಂದ, ಬಾಂಬಿಗಿರುವ ನಿಯಮ ಕಂಪ್ಯೂಟರಿಗೂ ಇದೆ. ಆದರೆ ದಾಳಿ ಎನ್ನಬೇಕಾದರೆ ಯಾರಾದರೂ ಸಾಯಬೇಕು, ಇಲ್ಲವೇ ಏನಾದರೂ ಒಡೆಯಬೇಕು ಎಂದು ಮೇಲಿನವರು ಅರ್ಥ ಮಾಡಿಕೊಂಡಿದ್ದಾರಂತೆ. ಇಲ್ಲಿ ಒಂದು ಕೊಡವೂ ಒಡೆದಿಲ್ಲ. ನುಗ್ಗಿದವರು ಯಾರೆಂಬುದಕ್ಕೆ ಪುರಾವೆಯೂ ಇಲ್ಲ.

“ಅಲ್ಲ ಸ್ವಾಮಿ, ಯಾರೋ ಕಲ್ಲು ಹೊಡೆದ್ರು, ನಾನು ತಲೆ ಬಗ್ಗಿಸ್ದೆ. ಅದಕ್ಕೆ ಕಲ್ಲೇ ಬಂದಿಲ್ಲ ಅಂತೀರಾ?”

“ದೋಷ ಅಂದ್ಮೇಲೆ ಯಾರದಾದ್ರೂ ಹೆಸರು ಬರೀಬೇಕಲ್ಲಮ್ಮ. ಅವರ ಹೆಸರು ಗೊತ್ತಿಲ್ಲ. ನಿಮ್ದು ಗೊತ್ತು.”

“ಹಾಗಾದ್ರೆ ನಾಲ್ಕು ಹೆಣ ಬೀಳೋವರೆಗೂ ಕೈಕಟ್ಟಿ ಕೂತಿರಬೇಕಿತ್ತಾ ನಾನು?”

ಅವನು ಪೆನ್ನಿನ ಮುಚ್ಚಳ ತೆಗೆದು ಅವಳ ಮುಂದಿಟ್ಟ. ಅವಳು ಮುಟ್ಟಲಿಲ್ಲ. ಕೆಲಸದಿಂದ ತೆಗೆಯುವುದಾದರೆ ತೆಗೆಯಿರಿ, ಆದರೆ ಆ ಬೆಳಗ್ಗೆ ಏನಾಯಿತು, ನಾನೇನು ಮಾಡಿದೆ ಎಂಬುದನ್ನು ಆದೇಶದಲ್ಲೇ ಬರೆದುಕೊಡಿ ಎಂದಳು. ಘಟಕದ ಗುಮಾಸ್ತ ಟೈಪು ಮಾಡಲು ಕೂತ. ‘ವಿಷದ ನೀರು ಊರಿಗೆ ಹೋಗುವುದನ್ನು ತಡೆದ ಕಾರಣಕ್ಕೆ’ ಎಂದು ಹೊಡೆದು, ಅಧಿಕಾರಿಯ ಮುಖ ನೋಡಿ ಅಳಿಸಿದ. ಮತ್ತೊಂದು ಬಗೆಯಲ್ಲಿ ಹೊಡೆದ, ಅದನ್ನೂ ಅಳಿಸಿದ. ಹೇಗೆ ಬರೆಯಬೇಕೆಂದು ಅಧಿಕಾರಿಗೂ ಹೊಳೆಯಲಿಲ್ಲ.

ಆದೇಶ ಕೈಗೆ ಬರುವತನಕ ಪಾಳಿ ನನ್ನದೇ ತಾನೇ ಎಂದು ಕೇಳಿದವಳು, ಉತ್ತರಕ್ಕೆ ಕಾಯದೆ ಎದ್ದು ಪಂಪ್‌ಹೌಸಿಗೆ ನಡೆದಳು.