ನಾನು ಕಿತ್ತ ಅಡ್ಡಗಲ್ಲುಗಳು

ಹದಿನೈದು ದಿನದ ಹಿಂದೆ ಅಟ್ಟದ ಟ್ರಂಕು ಇಳಿಸಿ ಹೊದಿಕೆಗಳನ್ನು ಬಿಸಿಲಿಗೆ ಹಾಕುತ್ತಿದ್ದೆ. ಎರಡು ಕೌದಿಗಳ ನಡುವೆ ಒಂದು ಜೊತೆ ಕೈಗವಸು ಸಿಕ್ಕಿತು. ಬಿಳಿ ಹತ್ತಿಯದು, ಅಂಗೈಗೆ ನೀಲಿ ರಬ್ಬರಿನ ಚುಕ್ಕೆ. ಒಗೆಯದೆ ಇಟ್ಟಿದ್ದೆನೇನೋ, ಬೆರಳುಗಳು ಹಪ್ಪಳದ ಹಾಗೆ ಬಿರುಸಾಗಿದ್ದವು. ಮೂಗಿನ ಹತ್ತಿರ ಹಿಡಿದರೆ ಲಂಟಾನದ ಎಲೆ ಹಿಸುಕಿದ ಘಾಟು... ಮೂರು ವರ್ಷದ ವಾಸನೆ ಇನ್ನೂ ಇರುತ್ತದೆಯೇ ಎಂದು ನಮ್ಮ ಮನೆಯವರು ನಕ್ಕರು. ನನಗಂತೂ ಬಂತು. ಅದರ ಹಿಂದೆಯೇ ವಾಚರ್ ಕಾಕಾ ನೆನಪಿಗೆ ಬಂದರು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಚಪ್ಪಲಿಯ ತುದಿಯಿಂದ ದಾರಿಯನ್ನು ತಟ್ಟಿ ನೋಡುತ್ತ.

ಆ ವರ್ಷ ನಮ್ಮ ಮಗಳು ಓದಲಿಕ್ಕೆ ಧಾರವಾಡದ ಹಾಸ್ಟೆಲಿಗೆ ಹೋಗಿದ್ದಳು. ಬೆಳಗಿನ ಹತ್ತಕ್ಕೆ ನನ್ನ ಮನೆಗೆಲಸ ಮುಗಿಯುತ್ತಿತ್ತು. ಆಮೇಲೆ ಕೈಗೆ ಏನಾದರೂ ಬೇಕು. ಮಡಿಸಿದ ಸೀರೆಗಳನ್ನೇ ಬಿಡಿಸಿ ಮತ್ತೆ ಮಡಿಸುತ್ತಿದ್ದೆ. ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿ, ಮರುದಿನ ಬಣ್ಣದ ಪ್ರಕಾರ ಜೋಡಿಸುತ್ತಿದ್ದೆ. ಕುಳಿತರೆ ಎದ್ದೇಳಬೇಕೆನಿಸುವುದು, ಎದ್ದರೆ ಎಲ್ಲಿಗೆ ಎಂದು ತಿಳಿಯದು. ಜಮಖಂಡಿಯ ನಮ್ಮ ಓಣಿಯಲ್ಲಿ ಒಬ್ಬ ನಿವೃತ್ತ ಟೀಚರ್ ಇದ್ದಾರೆ. ಹೆಂಗಸರದೇ ಒಂದು ಚಾರಣದ ಗುಂಪು ಕಟ್ಟಿದ್ದರು. ಆ ಸಲ ಬರಿ ಗುಡ್ಡ ಹತ್ತಿ ಇಳಿಯುವುದಲ್ಲ, ಬೀಳಗಿ ಕಡೆಯ ಒಂದು ಗುಡ್ಡದ ಕಾಲುದಾರಿಯನ್ನು ಸ್ವಚ್ಛ ಮಾಡಿ ಬರುವುದು, ಶನಿವಾರ ಹೋಗಿ ಐತವಾರ ಸಂಜೆ ವಾಪಸ್ ಎಂದರು. ನಾನು ಕೇಳಿದ ಕೂಡಲೇ ಹೆಸರು ಕೊಟ್ಟೆ.

"ಮನ್ಯಾಗ ಒಂದ ಕೊಡ ಎತ್ತಂದ್ರ ಸೊಂಟ ಹಿಡಕೊಂತಿ, ಎರಡ ದಿನಾ ಕಲ್ಲ ಹೊರಾಕ ಹೊಂಟೀಯೇನ?" ಎಂದರು ನಮ್ಮ ಮನೆಯವರು.

"ಆ ಕಲ್ಲ ಯಾರೂ ನನಗ ಎತ್ತು ಅಂತ ಹೇಳೂದಿಲ್ಲರಿ, ಅದಕ್ಕ," ಎಂದೆ.

ಶ್ರಾವಣ ಮುಗಿಯುವ ಹೊತ್ತು. ಗುಡ್ಡವೆಲ್ಲ ಹಸಿರು, ದಾರಿ ಎಲ್ಲಿದೆಯೆಂದೇ ಕಾಣದು. ಬುಡದಲ್ಲಿ ಒಂದು ಹುಣಸೆ ತೋಪು. ಅಷ್ಟು ದೊಡ್ಡ ಹುಣಸೆ ಮರಗಳನ್ನು ನಾನು ಬೇರೆಲ್ಲೂ ನೋಡಿಲ್ಲ. ಮೂವರು ಕೈ ಕೈ ಹಿಡಿದು ನಿಂತರೂ ಒಂದು ಕಾಂಡ ತಬ್ಬಲಿಕ್ಕೆ ಆಗಲಿಲ್ಲ. ಕೆಳಗೆ ನಿಂತರೆ ಮಧ್ಯಾಹ್ನದಲ್ಲೂ ತಂಪು, ನೆಲಕ್ಕೆ ಬಿದ್ದ ಬಿಸಿಲು ಜೋಳದ ಕಾಳಿನಷ್ಟಷ್ಟೇ. ಅಲ್ಲಿ ನಮ್ಮ ದಾರಿ ಕಾಯುತ್ತಿದ್ದವರು ವಾಚರ್ ಕಾಕಾ. ಅರಣ್ಯ ಇಲಾಖೆಯಲ್ಲಿ ದಿನಗೂಲಿಯ ಮೇಲೆ ಗುಡ್ಡ ಕಾಯ್ದವರು, ಕೆಲಸ ಬಿಟ್ಟು ಹತ್ತು ವರ್ಷವಾದರೂ ಗುಡ್ಡ ಬಿಟ್ಟಿರಲಿಲ್ಲ. ಖಾಕಿ ಅಂಗಿಯ ಎರಡನೆಯ ಗುಂಡಿಯ ಜಾಗದಲ್ಲಿ ಒಂದು ಪಿನ್ನು. ಟಾಯರಿನ ಚಪ್ಪಲಿ.

ಹುಣಸೆ ಮರದಡಿ ಟೆಂಟು ಹಾಕುವುದೆಂದ ಕೂಡಲೇ ನಮ್ಮವರೊಬ್ಬರು ಚೀಲ ಎತ್ತಿಕೊಂಡು ನಿಂತುಬಿಟ್ಟರು. ಹುಣಸೆ ಮರದಲ್ಲಿ ದೆವ್ವ ಇರುತ್ತದೆ ಎಂದು.

ಕಾಕಾ ಮೇಲೆ ನೋಡಿ, "ಇದ್ದೂವ್ರಿ ಯವ್ವಾ. ಹದಿನಾಲ್ಕ ಮಂದಿ ಹೆಣ್ಮಕ್ಕಳು ಜಮಖಂಡಿಯಿಂದ ಬರಾಕತ್ತಾರ ಅಂದೆ. ನಿನ್ನೇನs ಗಂಟುಮೂಟಿ ಕಟ್ಟಿ ಹ್ವಾದೂ," ಎಂದರು. ನಗದೆ ಹೇಳಿದರು. ನಾವು ನಕ್ಕು ನಕ್ಕು ಅಲ್ಲಿಯೇ ಟೆಂಟು ಬಡಿದೆವು.

ಅವರಿಗೆ ಆ ದಾರಿ ಯಾಕೆ ಬೇಕಿತ್ತೆಂದು ಊಟದ ಹೊತ್ತಿಗೆ ತಿಳಿಯಿತು. ಇದ್ದ ಒಬ್ಬಳೇ ಮಗಳನ್ನು ಗುಡ್ಡದ ಆಚೆ ಮಗ್ಗುಲಿನ ಹಳ್ಳಿಗೆ ಕೊಟ್ಟಿದ್ದರು. ಪ್ರತಿ ಶನಿವಾರ ಗುಡ್ಡ ದಾಟಿ ಹೋಗಿ, ಅವಳ ಕೈಯ ರೊಟ್ಟಿ ಉಂಡು, ಸಂಜೆಯೊಳಗೆ ಮರಳುತ್ತಿದ್ದರು. ರಸ್ತೆಯಿಂದ ಹೋದರೆ ಗುಡ್ಡವನ್ನೆಲ್ಲ ಸುತ್ತಬೇಕು, ನಡುವೆ ಬಸ್ಸು ಬದಲಿಸಬೇಕು.

"ಬಸ್ಸಿನ್ಯಾಗ ಕುಂತ್ರ ನನಗ ಹೊಟ್ಟಿ ತೊಳಸತೈತ್ರಿ ತಂಗೆವ್ವಾ," ಎಂದರು, ರೊಟ್ಟಿಯ ಮೇಲೆ ಹಾಕಿದ ಜುಣಕವನ್ನು ಬೆರಳಿನಿಂದ ಅಂಚಿಗೆ ಸರಿಸುತ್ತ. "ಹುಲಿ ಬಂದ್ರೂ ಹೆದರಾವಲ್ಲ, ಡ್ರೈವರ್ ಗಾಡಿ ಹೊಳ್ಳಿಸಿದ್ರ ಸಾಕು. ದಾರಿ ಒಂದ ಗಟ್ಟಿ ಇದ್ರ ಇನ್ನ ಹತ್ತ ವರ್ಷ ಮಗಳ ಮಾರಿ ನೋಡತೇನಿ."

ಆ ಶನಿವಾರ ನಮ್ಮ ಸಲುವಾಗಿ ಹೋಗಿರಲಿಲ್ಲ. ಮಗಳಿಗೆ ಫೋನಿನಲ್ಲಿ ಹೇಳಿದ್ದರಂತೆ, ಜಮಖಂಡಿಯವರು ಬಂದು ನಮ್ಮ ದಾರಿ ಹಸನ ಮಾಡಾಕತ್ತಾರ ಎಂದು.

ಊಟದ ಮೇಲೆ ಅವರು ಎಲ್ಲರನ್ನೂ ದಾರಿಗೆ ಕರೆದೊಯ್ದು ಕೆಲಸ ತೋರಿಸಿದರು. ನಾನು ಹೋಗಲಿಲ್ಲ. ಪಾತ್ರೆ ಹಾಗೇ ಬಿದ್ದಿದ್ದವು, ನೋಡಿ ಸುಮ್ಮನಿರಲಿಕ್ಕೆ ಆಗಲಿಲ್ಲ. ತಿಕ್ಕಿದೆ, ಒರೆಸಿದೆ, ಮೂರು ಕಲ್ಲಿನ ಒಲೆಯ ಮೇಲೆ ಚಹಾಕ್ಕೆ ನೀರಿಟ್ಟೆ. ದೂರದಿಂದ ಅವರ ದನಿ ಕೇಳಿಸುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಬಾಗಿ ಒಂದು ಕಲ್ಲನ್ನು ತೋರಿಸುತ್ತಿದ್ದರು... ಆಗಲೇ ಹೋಗಿ ನಿಲ್ಲಬೇಕಿತ್ತು.

ಐತವಾರ ಬೆಳಿಗ್ಗೆ ಎಲ್ಲರೂ ಮೇಲಿನ ತಿರುವಿನಲ್ಲಿ ಬಿದ್ದ ಮರ ಸರಿಸಲು ಕಾಕಾನ ಜೊತೆ ಹೋದರು. ಹಿಂದಿನ ಸಂಜೆ ನೀರು ತರುವಾಗ ಕಾಲು ಸ್ವಲ್ಪ ಉಳುಕಿದ್ದರಿಂದ ನನ್ನನ್ನು ಕೆಳಗೆ ಬಿಟ್ಟರು, ತೋಪಿನಿಂದ ಮೊದಲ ತಿರುವಿನವರೆಗೆ ಲಂಟಾನ ಕೀಳು ಎಂದು. ಕೈಗವಸು ಹಾಕಿಕೊಂಡು ಕಿತ್ತೆ. ಒಂದೂವರೆ ತಾಸಿನಲ್ಲಿ ಮುಗಿಯಿತು. ಆಮೇಲೆ ದಾರಿ ನೋಡಿದರೆ ನನ್ನ ಕಣ್ಣಿಗೆ ಸರಿ ಬರಲಿಲ್ಲ. ಹದಿನೈದು ಇಪ್ಪತ್ತು ಹೆಜ್ಜೆಗೊಂದು ಕಡೆ ದಾರಿಗೆ ಅಡ್ಡಲಾಗಿ, ಅದೂ ನೆಟ್ಟಗಲ್ಲ, ಓರೆಯಾಗಿ ಕಲ್ಲು ಹೂತಿದ್ದವು. ನೆಲದಿಂದ ಮೂರು ಬೆರಳು ಮೇಲೆ. ಯಾರಾದರೂ ಎಡವಿ ಬಿದ್ದಾರು ಎನಿಸಿತು. ಮಳೆಗೆ ಜಾರಿ ಬಂದ ಕಲ್ಲುಗಳೆಂದೇ ತಿಳಿದೆ.

ನಾನು ಓದಿದ ಕಾನ್ವೆಂಟಿನಲ್ಲಿ ಗೇಟಿನಿಂದ ಚಾಪೆಲ್‌ವರೆಗೆ ಒಂದು ದಾರಿ ಇತ್ತು. ಎರಡೂ ಅಂಚಿಗೆ ಸುಣ್ಣ ಬಳಿದ ಇಟ್ಟಿಗೆ, ನಡುವೆ ಒಂದು ಹರಳೂ ಇಲ್ಲ. ಶುಕ್ರವಾರಕ್ಕೊಮ್ಮೆ ನಾವೇ ಗುಡಿಸಬೇಕು, ಸಿಸ್ಟರ್ ಹಿಂದೆ ನಿಂತು ನೋಡುತ್ತಿದ್ದರು. ದಾರಿ ಎಂದರೆ ನನಗೆ ಅದೇ.

ಹಾರೆ ಹಾಕಿ ಅಷ್ಟೂ ಅಡ್ಡಗಲ್ಲು ಎಬ್ಬಿಸಿದೆ. ಕುಣಿಗೆ ಮಣ್ಣು ತುಂಬಿ ತುಳಿದೆ. ಕಲ್ಲುಗಳನ್ನು ಎರಡೂ ಅಂಚಿಗೆ ಸಾಲಾಗಿ ಜೋಡಿಸಿದೆ, ಸಾಲದ್ದಕ್ಕೆ ಸುತ್ತಲಿನ ಸಣ್ಣ ಕಲ್ಲು ತಂದು ಸಂದು ಮುಚ್ಚಿದೆ. ಕೊನೆಗೆ ಬಂದರಿಕೆ ಗಿಡದ ಟೊಂಗೆಯಿಂದ ಗುಡಿಸಿದೆ. ಅಷ್ಟು ಸಮಾಧಾನ ನನಗೆ ಎಷ್ಟೋ ತಿಂಗಳಿಂದ ಆಗಿರಲಿಲ್ಲ.

ಎಲ್ಲರೂ ಇಳಿದು ಬಂದವರು ಹಿಂದಿನ ದಿನ ಕಾಕಾ ತೋರಿಸಿದ್ದನ್ನು ಮರೆತು, ಅಂದ ನೋಡಿ ಚಪ್ಪಾಳೆ ಹೊಡೆದರು. ಟೀಚರ್ ಅದೇ ದಾರಿಯಲ್ಲಿ ಎರಡು ಸಾಲು ನಿಲ್ಲಿಸಿ ಫೋಟೋ ತೆಗೆಸಿದರು. ಕಾಕಾ ಫೋಟೋದಲ್ಲಿ ನಿಲ್ಲಲಿಲ್ಲ. ಎಲ್ಲರೂ ಟೆಂಟು ಬಿಚ್ಚಲು ಹೋದ ಮೇಲೆ ನನ್ನ ಹತ್ತಿರ ಬಂದರು.

"ಬಾಳ ಛಂದ ಕಾಣತೈತ್ರಿ ತಂಗೆವ್ವಾ. ಆದ್ರ ಮಳಿ ಬಂತಂದ್ರ ನೀರ ಎತ್ತಾಗ ಹೋಗಬೇಕು?"

ಅವರು ಕುಕ್ಕರಗಾಲಿನಲ್ಲಿ ಕುಳಿತು ಬೆರಳಿನಿಂದ ಮಣ್ಣಿನ ಮೇಲೆ ಗೆರೆ ಎಳೆದು ತೋರಿಸಿದರು. ಗುಡ್ಡದ ನೀರು ಇಳಿಜಾರಿನಲ್ಲಿ ದಾರಿ ಹಿಡಿದೇ ಓಡುತ್ತದೆ. ಓರೆಗೆ ಹೂತ ಕಲ್ಲು ಅದನ್ನು ತಡೆದು ಪಕ್ಕಕ್ಕೆ ಹುಲ್ಲಿನೊಳಗೆ ಹೊರಳಿಸುತ್ತದೆ. ಈಗ ಅಡ್ಡಗಲ್ಲೂ ಇಲ್ಲ, ಪಕ್ಕಕ್ಕೆ ಹೋಗಲು ಸಂದೂ ಇಲ್ಲ. ನಾನು ದಾರಿ ಮಾಡಿರಲಿಲ್ಲ, ಕಾಲುವೆ ಕಟ್ಟಿದ್ದೆ.

"ನಾ ಈಗs ತೆಗದ್ ಹಚ್ಚತೇನ್ರಿ," ಎಂದೆ. ಅಷ್ಟರಲ್ಲಿ ನಾವು ಬಂದ ಕ್ರೂಸರ್ ಗಾಡಿಯ ಡ್ರೈವರ್ ಹಾರ್ನ್ ಹೊಡೆಯತೊಡಗಿದ. ಮುಖ ಸುಟ್ಟ ಹಾಗಾಗಿತ್ತು. ಎಲ್ಲರೆದುರು ಕಿತ್ತು ಹಾಕಲಿಕ್ಕೂ ನಾಚಿಕೆ. "ಮುಂದಿನ ಐತವಾರ ಬಂದು ನಾನs ಹಚ್ಚತೇನ್ರಿ ಕಾಕಾ. ಖರೇನs ಬರ್ತೇನಿ."

ಅವರು ನನ್ನ ಮುಖ ನೋಡಿದರು. "ಬರ್ರಿ ಹಂಗಾರ. ನಾ ಮುಟ್ಟೂದಿಲ್ಲ. ನಿಮ್ಮ ಕೈಲೆ ಹಚ್ಚಿದ್ರ ನಿಮಗೂ ಕೆಲಸ ಬರತೈತಿ. ಉತ್ತರಿ ಮಳಿಗಿಂತ ಮೊದಲ ಬಂದ್ರ ಆತು."

ಮುಂದಿನ ಐತವಾರ ರಬಕವಿಯಿಂದ ತವರಿನವರು ಬಂದರು. ಅದರ ಮುಂದಿನದಕ್ಕೆ ಗಣಪತಿ ಹಬ್ಬದ ತಯಾರಿ. ಹೋಗಬಾರದೆಂದು ಯಾರೂ ಅನ್ನಲಿಲ್ಲ, ಅದನ್ನು ಇಲ್ಲಿ ಬರೆಯಲೇಬೇಕು. ಒಬ್ಬಳೇ ಹೋಗಿ ಆ ಮನುಷ್ಯನ ಎದುರು ತಪ್ಪು ತಿದ್ದುವುದು ನನಗೇ ಬೇಡವಾಗಿತ್ತು. ದಿನವೂ ಬೆಳಿಗ್ಗೆ ಎದ್ದು ಮೋಡ ನೋಡುತ್ತಿದ್ದೆ. ತವರಿನವರಿಗೆ ಬಡಿಸುತ್ತ ಮಧ್ಯದಲ್ಲೇ ಸೌಟು ಹಿಡಿದು ಅಂಗಳಕ್ಕೆ ಹೋಗಿ ಆಕಾಶ ನೋಡಿ ಬಂದದ್ದುಂಟು. ಮೂರನೆಯ ವಾರ ಉತ್ತರಿ ಮಳೆ ಹಿಡಿಯಿತು. ಎರಡು ದಿನ ಬಿಡಲಿಲ್ಲ. ಚರಂಡಿಯ ನೀರು ಕೆಂಪಾಗಿ ಓಡುವುದನ್ನು ನೋಡುತ್ತ ಬಾಗಿಲಿನಿಂದ ಅಡುಗೆ ಮನೆಗೆ, ಅಡುಗೆ ಮನೆಯಿಂದ ಬಾಗಿಲಿಗೆ ನಡೆದೆ.

"ಗುಡ್ಡದ ದಾರಿ ಹರದ ಹೋತಂತವಾ. ಮೊಣಕಾಲ ಮಟ ತಗ್ಗ ಬಿದ್ದೈತಂತ," ಎಂದರು ಟೀಚರ್, ತರಕಾರಿ ಗಾಡಿಯ ಹತ್ತಿರ.

ಕಾಕಾನ ಫೋನ್ ನಂಬರು ಇತ್ತು. ಒತ್ತುತ್ತಿದ್ದೆ, ಗಂಟೆ ಹೊಡೆಯುವ ಮೊದಲೇ ಕತ್ತರಿಸುತ್ತಿದ್ದೆ. ನಮ್ಮ ಗುಂಪು ಮರುವರ್ಷ ಬೇರೆ ಊರಿಗೆ ಹೋಯಿತು, ನಾನು ಹೋಗಲಿಲ್ಲ. ಹೋದ ಚಳಿಗಾಲದಲ್ಲಿ ಟೀಚರೇ ಹೇಳಿದರು, ಜ್ವರ ಬಂದು ನಾಲ್ಕೇ ದಿನದಲ್ಲಿ ಕಾಕಾ ಹೋದರೆಂದು...

ಕೈಗವಸು ಸಿಕ್ಕ ಮೇಲೆ ನನಗೆ ಮನೆಯಲ್ಲಿ ನಿಲ್ಲಲು ಆಗಲಿಲ್ಲ. ಮೊನ್ನೆ ಐತವಾರ ಮನೆಯವರನ್ನು ಕರೆದುಕೊಂಡು ಕಾರಿನಲ್ಲಿ ಹೊರಟೆ. ತೋಪು ಹಾಗೆಯೇ ಇತ್ತು. ನಾನು ಹಸನು ಮಾಡಿದ ದಾರಿ ಮಾತ್ರ ಒಂದು ಹಳ್ಳವಾಗಿತ್ತು. ಹುಣಸೆಯ ಬೇರುಗಳು ಗಾಳಿಯಲ್ಲಿ ತೂಗುತ್ತಿದ್ದವು. ಒಂದು ಅಂಚಿಗೆ ನನ್ನ ಕಲ್ಲಿನ ಸಾಲು ಇನ್ನೂ ಇತ್ತು, ನೆಟ್ಟಗೆ, ಅಷ್ಟೇ ಅಚ್ಚುಕಟ್ಟಾಗಿ.

ಹಳ್ಳದಿಂದ ದೂರ ಸರಿದು ಎಡಕ್ಕೆ ಬೇರೊಂದು ದಾರಿ ಹತ್ತಿತ್ತು. ಮೊದಲು ಗಮನಿಸಿದವರು ನಮ್ಮ ಮನೆಯವರು. "ಇಲ್ಲಿ ಯಾರೋ ಕಲ್ಲ ಹೂಳ್ಯಾರ ನೋಡು," ಎಂದರು. ಹದಿನೈದು ಇಪ್ಪತ್ತು ಹೆಜ್ಜೆಗೊಂದು, ಓರೆಯಾಗಿ, ಮೂರು ಬೆರಳು ಮೇಲೆ. ಒಬ್ಬರೇ ಎತ್ತಬಹುದಾದಷ್ಟು ಸಣ್ಣ ಕಲ್ಲುಗಳು, ದೊಡ್ಡದಿರಬೇಕಾದ ಕಡೆ ಮೂರು ನಾಲ್ಕು ಕೂಡಿಸಿದ್ದರು. ಅದನ್ನೇ ಹಿಡಿದು ಹತ್ತಿದೆವು. ದಾರಿ ಗುಡ್ಡದ ತಲೆ ದಾಟಿ ಆಚೆ ಮಗ್ಗುಲಿಗೆ ಇಳಿಯತೊಡಗಿತು. ಹಳ್ಳಿಯ ಪತ್ರಾಸು ತಗಡಿನ ಮಾಡುಗಳು ಹೊಳೆಯುವುದು ಕಂಡಿತು. ಅಲ್ಲಿ ಒಂದು ಅಡ್ಡಗಲ್ಲು, ಅದರಾಚೆ ಹುಲ್ಲು, ಮುಳ್ಳು, ಜಾಲಿ. ದಾರಿ ಮುಗಿದಿತ್ತು.

ಮುಳ್ಳು ಸರಿಸುತ್ತ ಇಳಿದು ಅವರ ಮಗಳ ಮನೆ ಕೇಳಿಕೊಂಡು ಹೋದೆವು. ನನ್ನ ವಯಸ್ಸಿನವಳೇ. ಕಾಕಾನ ಹಾಗೆಯೇ ಮಾತಾಡುವಾಗ ನಗುವುದಿಲ್ಲ. ಗುಡ್ಡದ ಕೆಲಸಕ್ಕೆ ಬಂದಿದ್ದವರಲ್ಲಿ ಒಬ್ಬಳು ಎಂದಷ್ಟೇ ಹೇಳಿದೆ. ಕಟ್ಟೆಯ ಮೇಲೆ ಕೂಡಿಸಿ ಚಹಾ ಕೊಟ್ಟಳು.

"ದಾರಿ ಹ್ವಾದ ಮ್ಯಾಲ ಅಪ್ಪ ತಿಂಗಳಿಗೊಮ್ಮೆ ಬಸ್ಸಿಗೆ ಬರ್ತಿದ್ರರಿ," ಎಂದಳು. "ಹಿಂದಿನ ದಿನದಿಂದ ಉಪವಾಸ. ಹೊಟ್ಟ್ಯಾಗ ಏನೂ ಇರದಿದ್ರ ಏನ್ ವಾಂತಿ ಆಗತೈತಿ ಅಂತ. ಬಂದಾವ್ರಿಗೆ ರೊಟ್ಟಿ ಸೇರ್ತಿದ್ದಿಲ್ಲ, ತಿರುಗಿ ಹೋಗೂದಿರತಿತ್ತಲ್ಲ... ಅಡ್ಡಾಡೂದ ನಿಂತ ಮ್ಯಾಲ ಹಳೀ ದಾರಿ ಈ ಕಡಿಗೂ ಮುಳ್ಳಿನ್ಯಾಗ ಮುಚ್ಚಿಹೋತ್ರಿ, ಉಳದ ದಿನಾ ಆ ಹೊಸಾ ದಾರಿ ಹಚ್ಚಿದ್ರು. ನಾ ಬೈತಿದ್ದೆ, ಈ ವಯಸ್ಸಿನ್ಯಾಗ ಯಾಕಂತ."

ಲೋಟ ತಿರುಗಿಸುತ್ತ ಮತ್ತೆ ಹೇಳಿದಳು. "ನಿಮ್ಮ ಪೈಕಿ ಒಬ್ಬರು ಬರ್ತೀನಿ ಅಂದಿದ್ರಂತ. ಮಳಿ ಹತ್ತೂತನಾ ಕಾಯ್ದ್ರು. ನೀವs ಹಚ್ಚಿಬಿಡ್ರಿ ಅಂತ ನಾ ಅಂದ್ರ, ಮಾತ ಕೊಟ್ಟಾರ, ಬಂದು ನೋಡಿದ್ರ ಬ್ಯಾಸರಾ ಮಾಡಕೊಂತಾರ ಅಂದ್ರು."

"ಅಂದಾಕಿ ನಾನs," ಎಂದೆ.

ಅವಳು ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ. ಅದಕ್ಕೇ ನನಗೆ ಹೆಚ್ಚು ಕಷ್ಟವಾಯಿತು. ಏನಾದರೂ ಮಾಡಬೇಕೆಂದು ಕೈ ತಡಕಾಡಿತು. ಉಳಿದ ದಾರಿ ನಾನು ಬಂದು ಮುಗಿಸುತ್ತೇನೆ, ಇನ್ನು ಸ್ವಲ್ಪವೇ ಇದೆ, ಈ ಸಲ ಖಂಡಿತ ಬರುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿದೆ.

"ಯಾಕ್ರಿ ಅಕ್ಕಾ?" ಎಂದಳು ಮೆಲ್ಲಗೆ. "ಆ ದಾರಿಲೆ ನಮ್ಮನಿಗೆ ಬರಾವ್ರು ಅಪ್ಪ ಒಬ್ಬರs ಇದ್ರು."

ಮರಳಿ ಗುಡ್ಡ ಹತ್ತಲು ನನ್ನಿಂದ ಆಗಲಿಲ್ಲ. ಆಚೆ ಬುಡದಲ್ಲಿ ಬಿಟ್ಟ ಕಾರಿನವರೆಗೆ ಬಸ್ಸಿಗೇ ಹೋಗೋಣವೆಂದೆ. ಬಸ್ಸು ಕಬ್ಬಿನ ಹೊಲಗಳ ನಡುವೆ ಹೊರಳುತ್ತ, ಊರೂರಿಗೆ ನಿಲ್ಲುತ್ತ ಹೋಯಿತು. ಕ್ರಾಸಿನಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಮುಕ್ಕಾಲು ತಾಸು ನಿಂತೆವು. ಅದರಲ್ಲಿ ಕಿಟಕಿಯ ಹತ್ತಿರ ಜಾಗ ಸಿಕ್ಕಿತು. ಗುಡ್ಡ ಕಿಟಕಿಯ ಹೊರಗೆ ಅಲ್ಲಿಯೇ ಇತ್ತು. ಎಷ್ಟು ಹೊತ್ತು ಹೋದರೂ ಮುಗಿಯಲಿಲ್ಲ.