ತಟ್ಟೆಯ ಅಂಚಿನ ಕೆಂಪು ಬಾಣ

ನಮ್ಮ ಮಾವನವರು ಮೀಸೆ ಮೂಡಿದಾಗಿನಿಂದ ಹಲ್ಲು ಅಲುಗಾಡುವವರೆಗೆ ಅಂಗಿ ಫ್ಯಾಕ್ಟರಿಯಲ್ಲಿ ಚೆಕಿಂಗ್ ಮಾಡಿದವರು. ಹೊಲಿದು ಬಂದ ಅಂಗಿಯನ್ನು ಟ್ಯೂಬ್‌ಲೈಟಿನ ಕೆಳಗೆ ಮೇಜಿನ ಮೇಲೆ ಹರಡಿ, ಕಾಲರು, ಕಂಕುಳು, ಗುಂಡಿಪಟ್ಟಿ, ತೋಳಿನ ಅಂಚು ಎಂದು ಒಂದೊಂದಾಗಿ ಕಣ್ಣಾಡಿಸಿ, ತಪ್ಪು ಕಂಡಲ್ಲಿ ಬಾಣದ ಆಕಾರದ ಪುಟ್ಟ ಕೆಂಪು ಸ್ಟಿಕ್ಕರ್ ಅಂಟಿಸುವುದು ಅವರ ಕೆಲಸ. ಸರಿಯಿದ್ದ ಅಂಗಿಗೆ ಏನೂ ಅಂಟಿಸುವಂತಿಲ್ಲ. ಸುಮ್ಮನೆ ಪಕ್ಕಕ್ಕೆ ತಳ್ಳಬೇಕು. ಒಳ್ಳೆಯದನ್ನು ಕಂಡಾಗ ತುಟಿ ಬಿಚ್ಚಬಾರದು ಎಂಬ ಈ ನಿಯಮವನ್ನು ಆ ಮಹಾನುಭಾವರು ಮನೆಯಲ್ಲೂ, ಅದೂ ಪುಕ್ಕಟೆಯಾಗಿ, ಪಾಲಿಸಿಕೊಂಡು ಬಂದಿದ್ದರು.

ನಾನು ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಸಂಜೆ ಊಟಕ್ಕೆ ಬಡಿಸಿದೆ. ಮಾವ ತಟ್ಟೆಯನ್ನು ದೀಪದ ಕಡೆಗೆ ತಿರುಗಿಸಿಕೊಂಡರು. ಅನ್ನದ ಒಂದು ಅಗುಳನ್ನು ಬೆರಳ ತುದಿಯಲ್ಲಿ ಹಿಸುಕಿದರು. ಚಮಚದಲ್ಲಿ ಬೇಳೆ ಎತ್ತಿ, ಅದು ಹೇಗೆ ಕೆಳಗೆ ಬೀಳುತ್ತದೆಂದು ನೋಡಿದರು. ಸೊಸೆ ವಿಷಗಿಷ ಹಾಕಿದ್ದಾಳೋ ಏನೋ ಎಂದು ಪರೀಕ್ಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಆಮೇಲೆ ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, ತೀರ್ಪು ಕೊಟ್ಟರು.

"ಅನ್ನ ಒಂದು ಕುದಿ ಜಾಸ್ತಿ. ಬೇಳೆ ಒಂದು ಕುದಿ ಕಮ್ಮಿ. ಉಳಿದದ್ದು ಪರವಾಗಿಲ್ಲ."

ಪರವಾಗಿಲ್ಲ ಅಂದರಲ್ಲ ಎಂದು ನಾನು ಹಿಗ್ಗಿದೆ. "ಹಾಗಂದ್ರೆ ಪಕ್ಕಕ್ಕೆ ತಳ್ಳಿದ್ರು ಅಂತ ಅರ್ಥ," ಎಂದು ಅತ್ತೆ ಅಡುಗೆಮನೆಯಲ್ಲಿ ಸಮಾಧಾನ ಹೇಳಿದರು. ಅತ್ತೆಗೆ ಇಷ್ಟು ವರ್ಷದಲ್ಲಿ ಸಿಕ್ಕಿದ್ದೂ ಅಷ್ಟೇ. ಅವರ ಕೈಯ ಹುರಿದ ಆಲೂಗಡ್ಡೆಗಾಗಿ ಅಕ್ಕಪಕ್ಕದವರು ಏನಾದರೂ ನೆಪ ಮಾಡಿಕೊಂಡು ಬರುತ್ತಿದ್ದರು. ಕಟ್ಟಿಕೊಂಡ ಗಂಡ ಮಾತ್ರ ಮೊಸರಲ್ಲಿ ಕಲ್ಲು ಹುಡುಕುತ್ತಿದ್ದರು, ಕಲ್ಲು ಸಿಗದಿದ್ದರೆ ಮೊಸರೇ ಸರಿಯಿಲ್ಲ ಅನ್ನುತ್ತಿದ್ದರು.

ಕೆಲಸದಿಂದ ನಿವೃತ್ತಿಯಾದ ದಿನ ಫ್ಯಾಕ್ಟರಿಯವರು ಒಂದು ಗೋಡೆ ಗಡಿಯಾರ ಕೊಟ್ಟರು. ಮಾವ ಅದರ ಜೊತೆಗೆ ಅರ್ಧ ಖಾಲಿಯಾದ ಒಂದು ಸುರುಳಿ ಸ್ಟಿಕ್ಕರನ್ನೂ ಜೇಬಿಗೆ ಹಾಕಿಕೊಂಡು ಬಂದರು. ಮಾರನೆಯ ಸಂಜೆ ಬೀನ್ಸ್ ಒಂದು ಕಡೆ ಸ್ವಲ್ಪ ಸೀದಿತ್ತು. ಮಾವ ಜೇಬಿನಿಂದ ಸುರುಳಿ ತೆಗೆದು, ಸೀದ ಬೀನ್ಸಿಗೆ ಮುಖ ಮಾಡಿ, ತಟ್ಟೆಯ ಅಂಚಿಗೆ ಕೆಂಪು ಬಾಣ ಅಂಟಿಸಿದರು. ನನ್ನ ಮೈಯೆಲ್ಲ ಉರಿದುಹೋಯಿತು. ದಿನವಿಡೀ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು, ಊರವರ ಕೆಮ್ಮು ಭೇದಿಗಳ ಕಥೆ ಕೇಳಿ, ಬಂದ ಕಾಲಲ್ಲೇ ಒಲೆ ಹಚ್ಚಿದವಳಿಗೆ ಈ ಸನ್ಮಾನ! ನನ್ನ ಗಂಡನಿಗೆ ಹೇಳಿದರೆ, "ಅಪ್ಪ ಇರೋದೇ ಹಾಗೆ, ಬಿಡು" ಅಂದರು. ಅವರು ಸಂಜೆ ಪಾಳಿಯ ಬಸ್ ಓಡಿಸುವವರು. ಈ ಬಾಣಗಳು ಯಾವತ್ತೂ ಅವರ ತಟ್ಟೆಯ ಹತ್ತಿರ ಸುಳಿದಿರಲಿಲ್ಲ.

ಹೋದ ಚಳಿಗಾಲದಲ್ಲಿ ಮಾವನಿಗೆ ಜೋರು ನೆಗಡಿ ಜ್ವರ ಬಂತು. ಜ್ವರ ಇಳಿದ ಮೇಲೆ ನಡವಳಿಕೆ ಸ್ವಲ್ಪ ಬದಲಾಯಿತು. ಮೊದಲೆಲ್ಲ ಅವರು ತೀರ್ಪು ಕೊಡುವ ತನಕ ಉಳಿದವರು ಕೈ ಕಟ್ಟಿ ಕೂರಬೇಕಿತ್ತು. ಈಗ, "ನೀವು ಶುರು ಮಾಡಿ, ನಂದೇನು ಅವಸರ" ಅನ್ನತೊಡಗಿದರು. ದೊಡ್ಡ ಮನಸ್ಸು! ನಾವು ತಿನ್ನುವಾಗ ನಮ್ಮ ಮುಖಗಳನ್ನೇ ನೋಡುತ್ತಾ ಕೂತು, ಆಮೇಲೆ ಒಂದು ತುತ್ತು ಬಾಯಿಗಿಟ್ಟು ತೀರ್ಪು ಕೊಡುವರು. ತೀರ್ಪಂತೂ ನಿಲ್ಲಲಿಲ್ಲ. ಖಾರ ಹೆಚ್ಚಾಯಿತು, ಹುಳಿ ಏರಿತು, ಸಪ್ಪೆ ಹೊಡೆಯುತ್ತಿದೆ.

ನನಗೆ ಅನುಮಾನ ಬಂತು. ಔಷಧಿ ಅಂಗಡಿಯಲ್ಲಿ ನಿಂತವಳು ನಾನು. ಜ್ವರ ಬಿಟ್ಟ ಮೇಲೆ ನಾಲಿಗೆಗೆ ರುಚಿಯೇ ಹತ್ತುತ್ತಿಲ್ಲ ಎಂದು ಬರುವವರನ್ನು ಎಷ್ಟು ಕಂಡಿಲ್ಲ! ಪಾಪ ಅನ್ನಿಸಬೇಕಿತ್ತು. ಸುಳ್ಳು ಯಾಕೆ ಹೇಳಲಿ, ನನಗೆ ಹಬ್ಬವೇ ಆಯಿತು. ನಾಲಿಗೆಯೇ ಇಲ್ಲದ ನ್ಯಾಯಾಧೀಶರು ಇಷ್ಟು ದಿನ ನನ್ನ ಅಡುಗೆಗೆ ಶಿಕ್ಷೆ ವಿಧಿಸುತ್ತಿದ್ದಾರೆ ಎಂದರೆ, ಒಂದು ಸಲ ರೆಡ್‌ಹ್ಯಾಂಡಾಗಿ ಹಿಡಿದುಬಿಟ್ಟರೆ ಆ ಸ್ಟಿಕ್ಕರ್ ಸುರುಳಿಯನ್ನು ಕಸದ ಬುಟ್ಟಿಗೆ ಎಸೆಯಬಹುದು.

ಒಂದು ಸಂಜೆ ಬೇಳೆ ಬೇಯಿಸಿ, ಉಪ್ಪು ಹಾಕುವ ಮೊದಲೇ ಒಂದು ಬಟ್ಟಲು ಮಾವನಿಗೆಂದು ತೆಗೆದಿಟ್ಟೆ. ಉಳಿದದ್ದಕ್ಕೆ ಉಪ್ಪು ಹಾಕಿದೆ. ಅತ್ತೆಗೂ ಹೇಳಲಿಲ್ಲ. ಮೂವರೂ ಕೂತೆವು. ನಾನು ಕಲ್ಲಿನ ಮುಖ ಹೊತ್ತುಕೊಂಡು ತಿಂದೆ. ಅತ್ತೆ ಒಂದು ತುತ್ತು ತಿಂದು ಕಣ್ಣು ಕಿರಿದು ಮಾಡಿ, ಮುಖ ಸಿಂಡರಿಸಿದರು. ತಕ್ಷಣ ಮಾವ ಉಪ್ಪಿನ ಸುಳಿವೂ ಇಲ್ಲದ ತಮ್ಮ ಬಟ್ಟಲಿನಿಂದ ಒಂದು ಚಮಚ ಬಾಯಿಗಿಟ್ಟು ತಲೆ ಆಡಿಸಿದರು.

"ಉಪ್ಪು ಜಾಸ್ತಿ ಆಗಿದೆ ನೋಡಮ್ಮಾ. ಕೈ ಹಿಡಿತ ಇರಬೇಕು."

ಸಿಕ್ಕಿಬಿದ್ದರು! ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮೇಜಿನ ಕೆಳಗೆ ಅತ್ತೆ ನನ್ನ ಕಾಲನ್ನು ತುಳಿದ ರಭಸಕ್ಕೆ ಬಾಯಿಂದ "ಅಮ್ಮಾ" ಅನ್ನುವುದಷ್ಟೇ ಹೊರಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ ಇರಬೇಕು. "ನೀರು ತರೋಣ ಬಾ" ಎಂದು ಅತ್ತೆ ತುಂಬಿದ ಹೂಜಿಯನ್ನೇ ಎತ್ತಿಕೊಂಡು ನನ್ನನ್ನು ಅಡುಗೆಮನೆಗೆ ಎಳೆದೊಯ್ದರು.

"ಅವರ ಬಟ್ಟಲಿಗೆ ಉಪ್ಪು ಹಾಕಿರಲಿಲ್ಲ, ಅಲ್ವಾ?"

"ನಿಮಗೆ ಹೇಗೆ ಗೊತ್ತಾಯ್ತು?"

"ನಿನ್ನ ಮುಖ ನೋಡಿದೆ. ಬೆಕ್ಕು ಇಲಿ ಕಾಯೋ ಹಾಗೆ ಕೂತಿದ್ದೆ." ಅತ್ತೆ ಹೂಜಿ ಕೆಳಗಿಟ್ಟರು. "ಜ್ವರ ಬಿಟ್ಟ ವಾರ ಟೀಗೆ ಸಕ್ಕರೆ ಅಂದ್ಕೊಂಡು ಉಪ್ಪು ಹಾಕಿಬಿಟ್ಟಿದ್ದೆ. ಪೂರ್ತಿ ಕುಡಿದು, ಪುಡಿ ಸಾಲದು ಅಂದ್ರು. ಆಗಿಂದ ಗೊತ್ತು."

"ಮತ್ತೆ ಡಾಕ್ಟರ ಹತ್ರ..."

"ನನಗೇನಾಗಿದೆ ಅಂತ ಮನೆ ಹಾರಿಹೋಗೋ ಹಾಗೆ ಕೂಗಿದ್ರು. ಅವರ ಪ್ಯಾಂಟ್ ನೋಡಿದ್ಯಾ? ಬೆಲ್ಟ್ ಇಲ್ಲದಿದ್ರೆ ನಿಲ್ಲಲ್ಲ. ರುಚಿನೇ ಇಲ್ಲ ಅಂದ್ರೆ ತಿನ್ನೋದಾದ್ರೂ ಯಾಕೆ ಹೇಳು? ಎರಡು ತುತ್ತು ತಿಂದು ಎದ್ದುಬಿಡೋರು. ಒಂದಿನ ನಾನು ಮೆಣಸು ಕಚ್ಚಿ ಮುಖ ಕಿವುಚಿದೆ. ಖಾರ ಅಂದ್ರು, ಬೈದ್ರು. ಬೈಯ್ತಾ ಬೈಯ್ತಾ ತಟ್ಟೆ ಖಾಲಿ ಮಾಡಿದ್ರು. ತಪ್ಪು ಸಿಕ್ಕಿದ ದಿನ ಮಾತ್ರ ಊಟ ಒಳಗೆ ಹೋಗುತ್ತೆ ಕಣೇ."

ಅಂದರೆ ಇಷ್ಟು ದಿನ ಅತ್ತೆ ಬೇಕೆಂದೇ ಮುಖ ಮಾಡುತ್ತಿದ್ದರು. ಕಣ್ಣು ಕಿರಿದಾದರೆ ಉಪ್ಪು. ತುಟಿ ಊದಿದರೆ ಖಾರ. ಹುಬ್ಬು ಮೇಲೆ ಹೋದರೆ ಸಪ್ಪೆ. ತಮ್ಮದೇ ಕೈಯಡುಗೆಗೆ ತಾವೇ ಮುಖ ಕಿವುಚಿಕೊಂಡು, ಬೈಸಿಕೊಂಡು, ಗಂಡನಿಗೆ ಊಟ ಮಾಡಿಸುತ್ತಿದ್ದರು. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ತಿಳಿಯಲಿಲ್ಲ. ಅತ್ತೆಯ ಮೇಲೇ ಮಾಡಿಕೊಂಡೆ. "ಅವರಿಗೆ ಹೇಳಿಬಿಡಿ, ನಾಟಕ ಎಷ್ಟು ದಿನ?" ಅಂದೆ.

"ಫ್ಯಾಕ್ಟರಿ ಬಿಡಿಸಿ ಆಯ್ತು. ಈಗ ಇದನ್ನೂ ಬಿಡಿಸೋಣ್ವಾ?" ಎಂದು ಅತ್ತೆ ಹೂಜಿ ಎತ್ತಿಕೊಂಡು ಹೊರಗೆ ಹೋದರು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನನ್ನ ಕಾಲ ಕೆಲವೇ ದಿನಗಳಲ್ಲಿ ಬಂತು. ಅತ್ತೆಯ ತಂಗಿ ಮೆಟ್ಟಿಲಲ್ಲಿ ಕಾಲು ಉಳುಕಿಸಿಕೊಂಡಿದ್ದರಿಂದ ಅತ್ತೆ ಮಧ್ಯಾಹ್ನವೇ ಅಲ್ಲಿಗೆ ಹೋದರು. ಗಂಡ ಬಸ್ಸಿನಲ್ಲಿ. ಮನೆಯಲ್ಲಿ ನಾನು ಮತ್ತು ಚೆಕಿಂಗ್ ಇಲಾಖೆ.

ಆ ಸಂಜೆಯೇ ನನ್ನ ಕೈಗೆ ಏನಾಗಿತ್ತೋ! ಟೊಮೆಟೊ ಹಾಕಿ ಬೇಯಿಸಿದ ಬೇಳೆ ಬೆಣ್ಣೆಯ ಹಾಗೆ ಬೆಂದಿತ್ತು. ಬೆಳ್ಳುಳ್ಳಿ ಸರಿಯಾದ ಬಣ್ಣಕ್ಕೆ ನಿಂತಿತ್ತು. ಉಪ್ಪು, ಹುಳಿ, ಖಾರ ಮೂರೂ ಜಗಳ ಬಿಟ್ಟು ಒಂದಾಗಿದ್ದವು. ಸೌಟಿನಿಂದ ಅಂಗೈಗೆ ಹಾಕಿಕೊಂಡು ನೆಕ್ಕಿ, ಅಡುಗೆಮನೆಯಲ್ಲಿ ಒಬ್ಬಳೇ ನಕ್ಕೆ. ಇಂಥ ಬೇಳೆಯನ್ನು ನಾನು ಹಿಂದೆ ಮಾಡಿಲ್ಲ, ಮುಂದೆ ಮಾಡುತ್ತೇನೆಂಬ ಭರವಸೆಯೂ ಇಲ್ಲ.

ಮಾವ ಕೂತರು. ತಟ್ಟೆ ತಿರುಗಿಸಿದರು, ಅಗುಳು ಹಿಸುಕಿದರು, ಆಮೇಲೆ ನನ್ನ ಮುಖ ನೋಡಿದರು. ನಾನು ಒಂದು ತುತ್ತು ತಿಂದೆ. ಎಷ್ಟು ಚೆನ್ನಾಗಿತ್ತೆಂದರೆ ಮುಖ ತಾನಾಗಿಯೇ ಅರಳಿತು. ಮಾವ ಕಾದರು. ಏನೂ ಸಿಗಲಿಲ್ಲ. ಒಂದು ತುತ್ತು ಹಾಕಿಕೊಂಡು ಬಹಳ ಹೊತ್ತು ಅಗಿದರು, ಇನ್ನೊಂದನ್ನು ಕಷ್ಟಪಟ್ಟು ನುಂಗಿದರು. ಆಮೇಲೆ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಿ, "ಹಸಿವಿಲ್ಲಮ್ಮಾ" ಎಂದು ಮೇಜಿಗೆ ಕೈಯೂರಿ ಏಳಲು ಹೊರಟರು. ಅಂಗಿಯ ತೋಳಿನೊಳಗೆ ಆ ಕೈ ಕಡ್ಡಿಯಾಗಿತ್ತು.

ಇನ್ನೊಂದು ತುತ್ತು ಬಾಯಿಗಿಟ್ಟೆ. ನನ್ನ ಜೀವಮಾನದಲ್ಲೇ ಚೆನ್ನಾಗಿ ಬಂದ ಆ ಬೇಳೆಗೆ ಕಣ್ಣು ಕಿರಿದು ಮಾಡಿ, ಮೂಗು ಮುರಿದು, ಮುಖ ಸಿಂಡರಿಸಿದೆ.

ಮಾವ ಅಲ್ಲೇ ನಿಂತರು, ಕೂತರು, ತಟ್ಟೆ ಎಳೆದುಕೊಂಡರು. ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರು.

"ಉಪ್ಪು! ನಾನು ಆಗಲೇ ಹೇಳೋಣ ಅಂತಿದ್ದೆ. ಎಷ್ಟು ಸಲ ಹೇಳಬೇಕಮ್ಮಾ ನಿನಗೆ?"

"ತಪ್ಪಾಯ್ತು ಮಾವ."

ಜೇಬಿನಿಂದ ಸುರುಳಿ ಬಂತು. ತಟ್ಟೆಯ ಅಂಚಿಗೆ ಕೆಂಪು ಬಾಣ ಬಿತ್ತು. "ಇನ್ನೊಂದು ಸೌಟು ಹಾಕು, ಹುಳಿನೂ ಏರಿದ್ಯಾ ನೋಡ್ತೀನಿ." ಹಾಕಿದೆ. ಹುಳಿಯೂ ಏರಿತ್ತಂತೆ. ಅನ್ನ ಮತ್ತೆ ಕೇಳಿದರು. ತಟ್ಟೆ ತೊಳೆದಿಟ್ಟಷ್ಟು ಚೊಕ್ಕವಾಗಿ ಖಾಲಿಯಾಯಿತು, ಬಾಣ ಒಂದು ಉಳಿಯಿತು.

ಅತ್ತೆ ಬಂದವರೇ ಚಪ್ಪಲಿಯನ್ನೂ ಸರಿಯಾಗಿ ಬಿಡದೆ ಅಡುಗೆಮನೆಗೆ ನುಗ್ಗಿದರು. "ತಿಂದ್ರಾ?"

"ಉಪ್ಪು ಜಾಸ್ತಿ, ಹುಳಿ ಜಾಸ್ತಿ. ಎರಡು ಸಲ ಹಾಕಿಸಿಕೊಂಡ್ರು."

ಅತ್ತೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಬೆರಳಲ್ಲಿ ಬಳಿದು ಬಾಯಿಗಿಟ್ಟರು. ಮತ್ತೆ ಬಳಿದು ನೆಕ್ಕಿದರು. ಹಜಾರದಲ್ಲಿ ಮಾವ ಗಡಿಯಾರದ ಕೆಳಗೆ ಕೂತು ಪೇಪರು ಓದುತ್ತಿದ್ದರು. ಅತ್ತೆ ಆ ಕಡೆ ಒಮ್ಮೆ ನೋಡಿ, ಬಾಗಿಲು ಮುಂದೆ ಮಾಡಿ, ನನ್ನ ಕಿವಿಯ ಹತ್ತಿರ ಬಾಯಿ ತಂದರು.

"ತುಂಬಾ ಚೆನ್ನಾಗಿದೆ ಕಣೇ," ಎಂದರು, ಹೊರಗೆ ಕೇಳಿಸದ ಹಾಗೆ.